ಅಮ್ಮೀಟರಿಗೆ ಸಿಗದ ಪ್ರವಾಹ



ವಿಜ್ಞಾನದ ವಿಷಯವನ್ನು ಕನ್ನಡದಲ್ಲೇ ಹೇಳಬೇಕು ಎಂಬ ಷರತ್ತಿನೊಡನೆ ಈ ದತ್ತಿ ಉಪನ್ಯಾಸ ನಡೆದುಬಂದಿದೆ. ಆ ಷರತ್ತನ್ನು ನಾನು ಸಂತೋಷದಿಂದ ಒಪ್ಪಿಕೊಂಡೆ. ವರ್ಷಗಟ್ಟಲೆ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದ ಪಾಠವನ್ನು ಕನ್ನಡದಲ್ಲಿ ಬರೆಯಲು ಕೂತಾಗ, ಪದಗಳ ಹಿಂದೆ ಮಲಗಿದ್ದ ಪ್ರಶ್ನೆಗಳು ಒಂದೊಂದಾಗಿ ಎದ್ದು ಬಂದವು. ಇಂದಿನ ಮಾತು ಹುಟ್ಟಿದ್ದು ಆ ಪ್ರಶ್ನೆಗಳಿಂದಲೇ.

ವಿಷಯ ಇಷ್ಟು: ಬೆಂಜೀನಿನಂಥ ಉಂಗುರದಾಕಾರದ ಅಣುವನ್ನು ಕಾಂತಕ್ಷೇತ್ರದಲ್ಲಿಟ್ಟರೆ ಅದರೊಳಗೆ ಎಲೆಕ್ಟ್ರಾನುಗಳು ಸುತ್ತತೊಡಗುತ್ತವೆ. ಈ ಉಂಗುರ ಪ್ರವಾಹವನ್ನು ಯಾರೂ ತಂತಿ ಜೋಡಿಸಿ ಅಳೆದಿಲ್ಲ. ಇಂದು ಅದು ನಮಗೆ ಮುಖ್ಯವಾಗಿ ಎರಡು ದಾರಿಗಳಲ್ಲಿ ಸಿಗುತ್ತದೆ. ಒಂದು ಕ್ವಾಂಟಂ ರಸಾಯನ ವಿಜ್ಞಾನದ ಗಣಕ ಲೆಕ್ಕ, ಇನ್ನೊಂದು ಎನ್‌ಎಂಆರ್ (ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್) ಯಂತ್ರ ಕೊಡುವ ರೋಹಿತ, ಅಂದರೆ ಸ್ಪೆಕ್ಟ್ರಂ. ಲೆಕ್ಕ ನಕ್ಷೆ ಕೊಡುತ್ತದೆ, ರೋಹಿತ ಸಾಕ್ಷಿ ಹೇಳುತ್ತದೆ. ಸಾಕ್ಷಿಯಿಲ್ಲದ ನಕ್ಷೆಯನ್ನೂ ನಕ್ಷೆಯಿಲ್ಲದ ಸಾಕ್ಷಿಯನ್ನೂ ನಂಬಿ ನಮ್ಮ ಕ್ಷೇತ್ರ ಹಲವು ಸಲ ಎಡವಿದೆ ಎಂಬುದು ನನ್ನ ಅಭಿಪ್ರಾಯ. ಮೊದಲು ಈ ಕಲ್ಪನೆ ಹುಟ್ಟಿದ ಬಗೆ, ಆಮೇಲೆ ಲೆಕ್ಕದ ನಡುವೆ ಕಾಡಿದ ಒಂದು ತೊಡಕು, ಅನಂತರ ಹರಿವನ್ನು ಅಳೆಯುವ ಕ್ರಮ, ಕೊನೆಗೆ ರೋಹಿತದ ಸಾಕ್ಷ್ಯ, ಈ ಕ್ರಮದಲ್ಲಿ ಹೋಗೋಣ.

ಮೈಕೆಲ್ ಫ್ಯಾರಡೆಯಿಂದ ಶುರು ಮಾಡುತ್ತೇನೆ. 1825ರಲ್ಲಿ ಲಂಡನ್ನಿನಲ್ಲಿ ದೀಪದ ಅನಿಲವನ್ನು ಒತ್ತಿ ತುಂಬುವಾಗ ಉಳಿಯುತ್ತಿದ್ದ ಎಣ್ಣೆಯಂಥ ದ್ರವದಿಂದ ಅವನು ಒಂದು ಹೊಸ ಪದಾರ್ಥವನ್ನು ಬೇರ್ಪಡಿಸಿದ. ನಾವು ಇಂದು ಬೆಂಜೀನ್ ಎನ್ನುವುದು ಅದನ್ನೇ. ಆರು ವರ್ಷಗಳ ನಂತರ, 1831ರಲ್ಲಿ, ಬದಲಾಗುವ ಕಾಂತಕ್ಷೇತ್ರ ತಂತಿಯ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂದು ಕಂಡುಕೊಂಡ. 1845ರಲ್ಲಿ, ಕಬ್ಬಿಣದಂತೆ ಅಯಸ್ಕಾಂತಕ್ಕೆ ಅಂಟಿಕೊಳ್ಳದ ಸಾಧಾರಣ ವಸ್ತುಗಳನ್ನೂ ಬಲವಾದ ಅಯಸ್ಕಾಂತ ತುಸುವೇ ದೂರ ತಳ್ಳುತ್ತದೆ ಎಂದು ತೋರಿಸಿದ. ಈ ಗುಣಕ್ಕೆ ಪ್ರತಿಕಾಂತತೆ ಎನ್ನುತ್ತೇವೆ. ಒಬ್ಬನೇ ಮನುಷ್ಯನ ಕೈಯಲ್ಲಿ ಹುಟ್ಟಿದ ಈ ಮೂರು ಸಂಗತಿಗಳೂ ಒಂದೇ ಅಣುವಿನೊಳಗೆ ಕೂಡುತ್ತವೆ ಎಂದು ತಿಳಿಯಲು ಮತ್ತೆ ಒಂಬತ್ತು ದಶಕ ಬೇಕಾಯಿತು.

ಆ ಕೂಡುವಿಕೆಗೆ ನಮ್ಮ ದೇಶದಲ್ಲಿ ನಡೆದ ಕೆಲಸವೇ ದೊಡ್ಡ ಆಧಾರವಾಯಿತು. 1927ರಲ್ಲಿ, ರಾಮನ್ ಪರಿಣಾಮ ಪತ್ತೆಯಾಗುವುದಕ್ಕೆ ಒಂದು ವರ್ಷ ಮೊದಲು, ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಕಾಂತಕ್ಷೇತ್ರದಲ್ಲಿಟ್ಟ ಬೆಂಜೀನ್ ಮತ್ತು ಅದರ ಬಳಗದ ದ್ರವಗಳ ಮೂಲಕ ಬೆಳಕು ಹೇಗೆ ಸಾಗುತ್ತದೆ ಎಂದು ಪರಿಶೀಲಿಸಿದರು. ಮುಂದೆ ಢಾಕಾ ವಿಶ್ವವಿದ್ಯಾಲಯಕ್ಕೆ ಹೋದ ಕೃಷ್ಣನ್, ಅಲ್ಲಿನ ಸಹೋದ್ಯೋಗಿಗಳೊಡನೆ ಹರಳುಗಳ ಕಾಂತೀಯ ಗುಣವನ್ನು ಅಳೆಯುವ ಸೊಗಸಾದ ವಿಧಾನವೊಂದನ್ನು ರೂಪಿಸಿದರು. ಕ್ವಾರ್ಟ್ಜ್‌ನ ಸೂಕ್ಷ್ಮ ಎಳೆಯ ತುದಿಯಲ್ಲಿ ಹರಳನ್ನು ನೇತುಹಾಕಿ ಅಯಸ್ಕಾಂತದ ನಡುವೆ ಇಡುವುದು, ಎಳೆಯನ್ನು ಮೇಲಿನಿಂದ ತಿರುಚುತ್ತಾ ಹೋಗುವುದು. ಒಂದು ಹಂತದಲ್ಲಿ ಹರಳು ಹಿಡಿತ ಬಿಟ್ಟು ಸರ್ರನೆ ತಿರುಗಿಬಿಡುತ್ತದೆ. ಅಲ್ಲಿಯವರೆಗೆ ಎಷ್ಟು ತಿರುಚಬೇಕಾಯಿತು ಎಂಬುದರಿಂದ, ಕ್ಷೇತ್ರ ಯಾವ ದಿಕ್ಕಿನಲ್ಲಿದ್ದರೆ ಹರಳಿನ ಪ್ರತಿರೋಧ ಎಷ್ಟು ಹೆಚ್ಚು ಎಂದು ತಿಳಿಯುತ್ತದೆ. ಒಂದು ಎಳೆ, ಒಂದು ಹರಳು, ಒಂದು ಅಯಸ್ಕಾಂತ: ಇಷ್ಟರಿಂದ ಇಷ್ಟು ಆಳದ ಮಾಹಿತಿ ತೆಗೆದ ಪ್ರಯೋಗ ಎಂದಾಗ ನನ್ನ ಮನಸ್ಸು ಮೊದಲು ಹೋಗುವುದು ಢಾಕಾದ ಆ ಕೊಠಡಿಗೆ.

ಬೆಂಜೀನಿನ ಬಳಗದ ಅಣುಗಳು ಚಪ್ಪಟೆ. ಕ್ಷೇತ್ರ ಆ ತಟ್ಟೆಗೆ ಲಂಬವಾಗಿದ್ದಾಗ ಅವುಗಳ ಪ್ರತಿಕಾಂತತೆ, ಕ್ಷೇತ್ರ ತಟ್ಟೆಯ ಸಮತಲದಲ್ಲೇ ಇದ್ದಾಗ ಇರುವುದಕ್ಕಿಂತ ಬಹಳ ಹೆಚ್ಚು. ಬೆಂಜೀನಿಗೆ ಅದು ಎರಡೂವರೆ ಪಟ್ಟಿಗಿಂತ ಮಿಗಿಲು. ಬೆಂಜೀನಿನ ಉಂಗುರ ಚಪ್ಪಟೆಯೆಂದು 1929ರಲ್ಲಿ ಎಕ್ಸ್-ಕಿರಣಗಳಿಂದ ಖಚಿತಪಡಿಸಿದ್ದ ಕ್ಯಾಥ್ಲೀನ್ ಲಾನ್ಸ್‌ಡೇಲ್ ಅವರೂ ಕೃಷ್ಣನ್ ಅವರೂ 1936ರಲ್ಲಿ ಜೊತೆಯಾಗಿ ಬರೆದ ಪ್ರಬಂಧ ಈ ಎರಡು ಕೆಲಸಗಳನ್ನೂ ಒಂದುಗೂಡಿಸಿತು. ಅದೇ ವರ್ಷ ಲೈನಸ್ ಪೌಲಿಂಗ್, ಉಂಗುರದ ಎಲೆಕ್ಟ್ರಾನುಗಳು ಒಂದು ಪರಮಾಣುವಿನಿಂದ ಇನ್ನೊಂದಕ್ಕೆ ಅಡ್ಡಿಯಿಲ್ಲದೆ ಸುತ್ತುತ್ತವೆ ಎಂದಿಟ್ಟುಕೊಂಡರೆ ಈ ವ್ಯತ್ಯಾಸಕ್ಕೆ ಕಾರಣ ಸಿಗುತ್ತದೆ ಎಂದು ತೋರಿಸಿದರು. 1937ರಲ್ಲಿ ಫ್ರಿಟ್ಜ್ ಲಂಡನ್ ಅದಕ್ಕೆ ಕ್ವಾಂಟಂ ಸಿದ್ಧಾಂತದ ರೂಪ ಕೊಟ್ಟರು. ನಾಜಿಗಳ ಜರ್ಮನಿಯನ್ನು ಬಿಟ್ಟು ಹೊರಟ ಅವರು ಆಗ ಪ್ಯಾರಿಸಿನಲ್ಲಿದ್ದರು. ಎರಡು ವರ್ಷ ಮೊದಲಷ್ಟೇ ತಮ್ಮ ಹೈನ್ಜ್ ಜೊತೆ ಸೇರಿ ಅತಿವಾಹಕತೆಯ ಸಮೀಕರಣಗಳನ್ನು ಬರೆದಿದ್ದವರು ಈ ಅಣುಗಳಲ್ಲೂ ಅತಿವಾಹಕದ ಛಾಯೆಯನ್ನೇ ಕಂಡರು.

ಇನ್ನು ಎರಡನೆಯ ಭಾಗ. ಇದಕ್ಕೆ ಪೀಠಿಕೆಯಾಗಿ ನನ್ನ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. "ಸಾರ್, ಕ್ಷೇತ್ರ ಬದಲಾದಾಗ ಮಾತ್ರ ಪ್ರವಾಹ ಹುಟ್ಟುತ್ತದೆ ಅಂತ ಪಿಯುಸಿಯಲ್ಲಿ ಓದಿದ್ದೇವೆ. ಎನ್‌ಎಂಆರ್ ಯಂತ್ರದಲ್ಲಿ ಕ್ಷೇತ್ರ ಸ್ಥಿರವಾಗಿ ನಿಂತಿರುತ್ತದೆ. ಹಾಗಾದರೆ ಬೆಂಜೀನಿನಲ್ಲಿ ಪ್ರವಾಹ ನಿಲ್ಲದೆ ಹರಿಯುವುದು ಹೇಗೆ?" ಇಷ್ಟು ಚೆನ್ನಾದ ಪ್ರಶ್ನೆ ತರಗತಿಯಲ್ಲಿ ವರ್ಷಕ್ಕೊಂದು ಬಂದರೆ ಮೇಷ್ಟರ ಪುಣ್ಯ.

ಉತ್ತರ ಇದು. ತಾಮ್ರದ ತಂತಿಯಲ್ಲಿ ಹರಿಯುವ ಎಲೆಕ್ಟ್ರಾನು ದಾರಿಯುದ್ದಕ್ಕೂ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಳ್ಳುತ್ತದೆ, ತಂತಿ ಬಿಸಿಯಾಗುತ್ತದೆ. ಆದ್ದರಿಂದ ಅದನ್ನು ಯಾವಾಗಲೂ ನೂಕುತ್ತಲೇ ಇರಬೇಕು. ಅಣುವಿನೊಳಗೆ ಹಾಗೆ ಶಕ್ತಿ ಸೋರಿಹೋಗುವ ದಾರಿಯಿಲ್ಲ. ಕ್ಷೇತ್ರದೊಳಗೆ ಬಂದ ಅಣುವಿಗೆ ಒಂದು ಹೊಸ ಕನಿಷ್ಠ ಶಕ್ತಿಯ ಸ್ಥಿತಿ ಇರುತ್ತದೆ, ಆ ಸ್ಥಿತಿಯ ಲಕ್ಷಣವೇ ಈ ಹರಿವು. ಕ್ಷೇತ್ರ ಇರುವಷ್ಟು ಕಾಲ ಅದೂ ಇರುತ್ತದೆ, ಕ್ಷೇತ್ರ ತೆಗೆದರೆ ಅದೂ ಹೋಗುತ್ತದೆ. ಇಲ್ಲಿ ಪ್ರವಾಹವೆಂದರೆ ಕಾಲದಲ್ಲಿ ನಡೆಯುವ ಘಟನೆಗಿಂತ ಅಣು ತಳೆದ ಭಂಗಿ ಎಂದು ತಿಳಿಯುವುದು ಮೇಲು.

ಈ ಭಂಗಿಯನ್ನು ಲೆಕ್ಕ ಹಾಕಲು ಹೊರಟಾಗ ಒಂದು ತೊಡಕು ಎದುರಾಗುತ್ತದೆ. ಕ್ವಾಂಟಂ ಸಮೀಕರಣದೊಳಗೆ ಕಾಂತಕ್ಷೇತ್ರ ನೇರವಾಗಿ ಬರುವುದಿಲ್ಲ, ವೆಕ್ಟರ್ ಪೊಟೆನ್ಷಿಯಲ್ ಎಂಬ ರೂಪದಲ್ಲಿ ಬರುತ್ತದೆ. ಅದನ್ನು ಬರೆಯಲು ಎಲ್ಲೋ ಒಂದು ಕಡೆ ಮೂಲಬಿಂದುವನ್ನು ನೆಡಬೇಕು. ಎಲ್ಲಿ ನೆಟ್ಟರೂ ನಿಸರ್ಗಕ್ಕೆ ಒಂದೇ. ಮುಳ್ಳಯ್ಯನಗಿರಿಯ ನೆತ್ತಿಗೂ ಬುಡಕ್ಕೂ ಇರುವ ಅಂತರವನ್ನು ನೀವು ಸಮುದ್ರಮಟ್ಟದಿಂದ ಲೆಕ್ಕ ಹಾಕಿ, ಚಿಕ್ಕಮಗಳೂರಿನ ಪೇಟೆಯಿಂದ ಹಾಕಿ, ಬೆಟ್ಟ ಬೆಳೆಯುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆದರೆ ಗಣಕದ ಲೆಕ್ಕದಲ್ಲಿ ಬೆಟ್ಟ ಬೆಳೆಯುತ್ತದೆ, ಕುಗ್ಗುತ್ತದೆ! ಮೂಲಬಿಂದುವನ್ನು ಉಂಗುರದ ನಡುವಿನಿಂದ ಆಚೆಗೆ ಸರಿಸಿದರೆ ಉತ್ತರವೇ ಬದಲಾಗುತ್ತದೆ.

ಕಾರಣ ಹೀಗಿದೆ. ಹರಿವು ಎರಡು ಪದಗಳ ಮೊತ್ತ. ಒಂದು ಪ್ರತಿಕಾಂತೀಯ ಭಾಗ, ಇನ್ನೊಂದು ಅದಕ್ಕೆ ಎದುರಾದ ಅನುಕಾಂತೀಯ ಭಾಗ. ಮೂಲಬಿಂದು ದೂರ ಹೋದಷ್ಟೂ ಎರಡೂ ಬೃಹತ್ತಾಗುತ್ತವೆ, ಒಂದನ್ನೊಂದು ಹೆಚ್ಚುಕಡಿಮೆ ಪೂರ್ತಿಯಾಗಿ ಅಳಿಸಿಹಾಕುತ್ತವೆ. ಉಳಿಯುವ ಚೂರೇ ನಿಜವಾದ ಉತ್ತರ. ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಲಾರಿಯನ್ನು ವೇಬ್ರಿಡ್ಜ್ ಮೇಲೆ ತೂಗುವುದನ್ನು ನೋಡಿದ್ದೀರಿ. ತುಂಬಿದ ಲಾರಿ ಒಮ್ಮೆ, ಖಾಲಿ ಲಾರಿ ಒಮ್ಮೆ ತೂಗಿ ಕಳೆದರೆ ಕಬ್ಬಿನ ತೂಕ ಬರುತ್ತದೆ. ಅದೇ ಕ್ರಮದಲ್ಲಿ ಒಂದೇ ಒಂದು ಜಲ್ಲೆಯ ತೂಕ ತಿಳಿಯಲು ಹೊರಟರೆ ಏನಾದೀತು? ಲಾರಿಯ ತೂಕದಲ್ಲಿ ಬಂದ ಸಣ್ಣ ತಪ್ಪು ಜಲ್ಲೆಯನ್ನೇ ನುಂಗಿಬಿಡುತ್ತದೆ. ಗಣಕದಲ್ಲಿ ನಾವು ಬಳಸುವ ಕಕ್ಷಕಗಳ (ಆರ್ಬಿಟಲ್‌ಗಳ) ಗಣ ಯಾವಾಗಲೂ ಸೀಮಿತ, ಹಾಗಾಗಿ ಎರಡು ಬೃಹತ್ ಪದಗಳೂ ತುಸು ತಪ್ಪು, ಎರಡರ ತಪ್ಪೂ ಒಂದೇ ಸಮ ಅಲ್ಲ.

ಇದಕ್ಕೆ ಪರಿಹಾರ ಲಂಡನ್ ಅವರ 1937ರ ಪ್ರಬಂಧದಲ್ಲೇ ಇತ್ತು. ಪ್ರತಿಯೊಂದು ಪರಮಾಣುವಿನ ಕಕ್ಷಕಕ್ಕೂ ಕ್ಷೇತ್ರವನ್ನು ಅವಲಂಬಿಸಿದ ಒಂದು ಫೇಸ್ ಗುಣಕವನ್ನು ಸೇರಿಸುವುದು. ಹಾಗೆ ಮಾಡಿದಾಗ ಪ್ರತಿ ಕಕ್ಷಕಕ್ಕೂ ಅದರದೇ ನ್ಯೂಕ್ಲಿಯಸ್ ಮೂಲಬಿಂದುವಿನಂತೆ ಕೆಲಸ ಮಾಡುತ್ತದೆ, ಹೊರಗಿನಿಂದ ನಾವು ನೆಟ್ಟ ಬಿಂದು ಉತ್ತರದಿಂದ ಮಾಯವಾಗುತ್ತದೆ. ಉಪಾಯ ಸರಳ, ಆದರೆ ಅದರಿಂದ ಹುಟ್ಟುವ ಸಮಾಕಲಗಳು ಕಷ್ಟದವು. 1958ರಲ್ಲಿ ಹಮೆಕಾ, 1970ರ ದಶಕದಲ್ಲಿ ಡಿಚ್‌ಫೀಲ್ಡ್ ಅದನ್ನು ಮುಂದಕ್ಕೆ ತಂದರು. 1990ರಲ್ಲಿ ವೊಲಿನ್ಸ್ಕಿ, ಹಿಂಟನ್, ಪುಲೈ ಮೂವರೂ ದಕ್ಷವಾದ ಕ್ರಮವೊಂದನ್ನು ಕೊಟ್ಟ ಮೇಲೆ ಅದು ದಿನಬಳಕೆಯ ಸಾಧನವಾಯಿತು. ಪ್ರಬಂಧದಿಂದ ಪ್ರೋಗ್ರಾಮಿಗೆ ಬರಲು ಐವತ್ತಮೂರು ವರ್ಷ. ಇಂದು ಗಾಸಿಯನ್, ಡಾಲ್ಟನ್, ಟರ್ಬೊಮೋಲ್ ಮುಂತಾದವುಗಳಲ್ಲಿ ಎನ್‌ಎಂಆರ್ ಲೆಕ್ಕ ಎಂದು ಒಂದು ಸಾಲು ಬರೆದರೆ ಈ ಗುಣಕ ತಾನಾಗಿ ಸೇರಿಕೊಳ್ಳುತ್ತದೆ. ಆ ಒಂದು ಸಾಲು ಬರೆಯುವ ವಿದ್ಯಾರ್ಥಿಗಳಿಗೆ ಅದರ ಹಿಂದಿನ ಐವತ್ತಮೂರು ವರ್ಷ ತಿಳಿದಿರಬೇಕೆಂಬುದು ನನ್ನ ಆಸೆ. ಇಟಲಿಯ ಲಾಜೆರೆಟ್ಟಿ ಮತ್ತು ಜನಾಸಿ ಇನ್ನೊಂದು ದಾರಿ ಹಿಡಿದವರಲ್ಲಿ ಪ್ರಮುಖರು. ಯಾವ ಬಿಂದುವಿನಲ್ಲಿ ಹರಿವನ್ನು ಕೇಳುತ್ತೇವೋ ಆ ಬಿಂದುವನ್ನೇ ಮೂಲಬಿಂದು ಮಾಡಿಕೊಳ್ಳುವುದು ಆ ದಾರಿ. ಅದನ್ನು ಬಳಸಿ ಸ್ಟೈನರ್ ಮತ್ತು ಫೌಲರ್ ತೋರಿಸಿದ ಒಂದು ಫಲಿತಾಂಶವನ್ನು ಹೇಳದೆ ಮುಂದೆ ಹೋಗಲಾರೆ. ಬೆಂಜೀನಿನಲ್ಲಿ ಉಂಗುರದ ಮೇಲೂ ಕೆಳಗೂ ಹರಡಿದ ಆರು ಪೈ ಎಲೆಕ್ಟ್ರಾನುಗಳಿದ್ದರೂ, ಆ ನೋಟದಲ್ಲಿ ಪೈ ಪ್ರವಾಹವನ್ನು ಹೊರುವವು ಮೇಲಿನ ಮಟ್ಟದ ನಾಲ್ಕು ಮಾತ್ರ.

ಮೂರನೆಯ ಭಾಗಕ್ಕೆ ಬರುತ್ತೇನೆ. ನಕ್ಷೆ ಕೈಗೆ ಬಂತು ಅಂದುಕೊಳ್ಳೋಣ. ಅಣುವಿನ ಪ್ರತಿ ಬಿಂದುವಿನಲ್ಲೂ ಒಂದು ಬಾಣ: ಹರಿವು ಎತ್ತ, ಎಷ್ಟು. ಇದನ್ನು ನೋಡಿದಾಗ ನನಗೆ ನೆನಪಾಗುವುದು ಮಳೆಗಾಲದ ತುಂಗೆ. ನಡುವೆ ಬಿರುಸಿನ ಸೆಳೆತ, ಬಂಡೆಯ ಹಿಂದೆ ಹಿಮ್ಮುಖ ಸುಳಿ, ಅಲ್ಲೊಂದು ಇಲ್ಲೊಂದು ನೀರು ಅಲುಗದೆ ನಿಂತ ಜಾಗ. ಅಣುವಿನಲ್ಲೂ ಹಾಗೆಯೇ. ಪ್ರತಿ ಪರಮಾಣುವಿನ ಸುತ್ತ ಒಂದು ಪುಟ್ಟ ಸುಳಿ, ಬಂಧಗಳಿಗೆ ಒಂದೊಂದು ಸುಳಿ, ಎಲ್ಲವನ್ನೂ ಬಳಸಿ ಹೋಗುವ ಒಂದು ದೊಡ್ಡ ಸುತ್ತು.

ಇಷ್ಟೆಲ್ಲ ಬಾಣಗಳಿಂದ "ಉಂಗುರದಲ್ಲಿ ಒಟ್ಟು ಎಷ್ಟು ಹರಿಯುತ್ತಿದೆ" ಎಂದು ಹೇಳುವುದು ಹೇಗೆ? ನಾಲೆಯಲ್ಲಿ ಎಷ್ಟು ಕ್ಯೂಸೆಕ್ ನೀರು ಹೋಗುತ್ತಿದೆ ಎಂದು ತಿಳಿಯಲು ನೀರಾವರಿ ಎಂಜಿನಿಯರು ನಾಲೆಗೆ ಅಡ್ಡಲಾಗಿ ಒಂದು ಕೊಯ್ತವನ್ನು ಕಲ್ಪಿಸಿಕೊಂಡು ಅದನ್ನು ದಾಟುವ ನೀರನ್ನು ಕೂಡುತ್ತಾರೆ. 2004ರಲ್ಲಿ ಯುಸೇಲಿಯಸ್, ಸುಂಡ್‌ಹೋಮ್, ಗೌಸ್ ಅವರು ಪ್ರಕಟಿಸಿದ, ಜಿಮಿಕ್ ಎಂದು ಹೆಸರಾದ ವಿಧಾನ ಇದನ್ನೇ ಮಾಡುತ್ತದೆ. ಉಂಗುರದ ಕೇಂದ್ರದಿಂದ ಹೊರಟು, ಒಂದು ಕಾರ್ಬನ್-ಕಾರ್ಬನ್ ಬಂಧವನ್ನು ಅಡ್ಡಲಾಗಿ ಕೊಯ್ದು, ಅಣುವಿನಾಚೆಯವರೆಗೆ ಚಾಚಿದ ಒಂದು ತಟ್ಟೆಯನ್ನು ನಿಲ್ಲಿಸಿ, ಅದನ್ನು ದಾಟುವ ಪ್ರವಾಹವನ್ನು ಕೂಡುವುದು.

ಬೆಂಜೀನಿಗೆ ಬರುವ ಉತ್ತರ ಪ್ರತಿ ಟೆಸ್ಲಾಗೆ ಸುಮಾರು 12 ನ್ಯಾನೋ ಆಂಪಿಯರ್. ಈ ಸಂಖ್ಯೆಯನ್ನು ಬಿಡಿಸಿ ನೋಡಬೇಕು. ಉಂಗುರದ ಹೊರಗಡೆ ಸುಮಾರು 17 ನ್ಯಾನೋ ಆಂಪಿಯರ್ ಪ್ರದಕ್ಷಿಣವಾಗಿ ಹರಿಯುತ್ತದೆ, ಒಳಗಡೆ ಸುಮಾರು 5 ಅಪ್ರದಕ್ಷಿಣವಾಗಿ. ಕಳೆದರೆ 12. ಅಂದರೆ ಆರೊಮ್ಯಾಟಿಕ್ ಎನ್ನುವ ಸ್ಥಿರ ಉಂಗುರ ಅಣುಗಳ ಮಾದರಿಯಾದ ಬೆಂಜೀನಿನೊಳಗೂ ಹಿಮ್ಮುಖ ಸುಳಿಯೊಂದಿದೆ. ಒಂದು ಟೆಸ್ಲಾ ಕ್ಷೇತ್ರದಲ್ಲಿ 12 ನ್ಯಾನೋ ಆಂಪಿಯರ್ ಎಂದರೆ ಸೆಕೆಂಡಿಗೆ ಸುಮಾರು 7500 ಕೋಟಿ ಎಲೆಕ್ಟ್ರಾನುಗಳು ಆ ಕೊಯ್ತವನ್ನು ದಾಟಿದಷ್ಟು. 500 ಮೆಗಾಹರ್ಟ್ಸ್ ಎನ್‌ಎಂಆರ್ ಯಂತ್ರದ 11.7 ಟೆಸ್ಲಾ ಕ್ಷೇತ್ರಕ್ಕೆ ಅಣು ಲಂಬವಾಗಿದ್ದರೆ ಅದು 140 ನ್ಯಾನೋ ಆಂಪಿಯರ್ ಮುಟ್ಟುತ್ತದೆ. ಕಣ್ಣಿಗೆ ಕಾಣದ ಒಂದು ಅಣುವಿಗೆ ಇದು ಸಣ್ಣ ಹರಿವಲ್ಲ.

ಕವಲೊಡೆಯುವ ನಾಲೆಗಳಲ್ಲಿ ಈ ವಿಧಾನದ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ನಮ್ಮ ರಕ್ತದ ಹೀಮ್, ಎಲೆಯ ಕ್ಲೋರೋಫಿಲ್ ಎರಡಕ್ಕೂ ಮೂಲ ಚೌಕಟ್ಟು ಪಾರ್ಫಿರಿನ್ ಬಳಗದ ದೊಡ್ಡ ಉಂಗುರ. ಅದರೊಳಗೆ ನಾಲ್ಕು ಪುಟ್ಟ ಪಿರೋಲ್ ಉಂಗುರಗಳಿವೆ. ಪ್ರವಾಹ ಪ್ರತಿ ಪಿರೋಲಿನ ಬಳಿ ಬಂದಾಗ ಒಳದಾರಿ ಹಿಡಿಯುತ್ತದೋ ಹೊರದಾರಿ ಹಿಡಿಯುತ್ತದೋ? ಪಠ್ಯಪುಸ್ತಕಗಳು ಹದಿನೆಂಟು ಎಲೆಕ್ಟ್ರಾನುಗಳ ಒಂದು ನಿಶ್ಚಿತ ದಾರಿಯನ್ನು ದಪ್ಪ ಗೆರೆಯಲ್ಲಿ ಎಳೆದು ತೋರಿಸುತ್ತವೆ. ಫ್ಲೀಗ್ಲ್ ಮತ್ತು ಸುಂಡ್‌ಹೋಮ್ ಕೊಯ್ತಗಳನ್ನು ನಿಲ್ಲಿಸಿ ಅಳೆದಾಗ ಕಂಡದ್ದು, ಹರಿವು ಪ್ರತಿ ಪಿರೋಲಿನಲ್ಲೂ ಎರಡಾಗಿ ಒಡೆದು ಎರಡೂ ದಾರಿಗಳಲ್ಲಿ ಹೋಗಿ ಮತ್ತೆ ಕೂಡುತ್ತದೆ ಎಂಬುದು. ಆ ದಪ್ಪ ಗೆರೆಯನ್ನು ಬಹಳ ವರ್ಷ ಬೋರ್ಡಿನ ಮೇಲೆ ನಾನೂ ಎಳೆದಿದ್ದೇನೆ, ಈಗ ಎಳೆಯುವುದಿಲ್ಲ.

ಇಲ್ಲಿ ಒಂದು ಮಾತು. 1996ರಲ್ಲಿ ಪೌಲ್ ಶ್ಲೈಯರ್ ಮತ್ತು ಸಂಗಡಿಗರು ನಿಕ್ಸ್ ಎಂಬ ಅಳತೆಯನ್ನು ತಂದರು. ಉಂಗುರದ ನಡುವೆ ಪರಮಾಣುವೇ ಇಲ್ಲದ ಒಂದು ಬಿಂದುವಿನಲ್ಲಿ ಪ್ರೇರಿತ ಕ್ಷೇತ್ರ ಎಷ್ಟಿದೆ ಎಂದು ಲೆಕ್ಕ ಹಾಕುವುದು. ಸುಲಭವಾದ್ದರಿಂದ ಬೇಗ ಹರಡಿತು. ಅದರ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸುತ್ತಲಿನ ಎಲ್ಲ ಸುಳಿಗಳ ಪರಿಣಾಮವೂ ಆ ಒಂದು ಬಿಂದುವಿನಲ್ಲಿ ಬೆರೆತುಹೋಗಿರುತ್ತದೆ. ಅಣೆಕಟ್ಟಿನ ಮುಂದೆ ನಿಂತು ಕೇಳಿದ ಭೋರ್ಗರೆತದಿಂದ ಯಾವ ಗೇಟಿನಲ್ಲಿ ಎಷ್ಟು ನೀರು ಎಂದು ಹೇಳಲಾಗದು. ಸಂಕೀರ್ಣವಾದ ಅಣುಗಳಿಗೆ ಹರಿವನ್ನೇ ನೋಡಬೇಕೆಂಬುದು ನನ್ನ ನಿಲುವು.

ಈಗ ಸಾಕ್ಷಿಯ ಮಾತು, ಅಂದರೆ ರೋಹಿತ. ಅಣುವಿನ ಹೈಡ್ರೋಜನ್ ನ್ಯೂಕ್ಲಿಯಸ್ ಒಂದು ಸೂಕ್ಷ್ಮ ಕಾಂತಮಾಪಕ. ಹೊರಗಿನ ಕ್ಷೇತ್ರಕ್ಕೆ ಸುತ್ತಲಿನ ಎಲೆಕ್ಟ್ರಾನುಗಳ ಹರಿವು ತುಸು ಕೂಡಿಸಿದರೂ ಕಳೆದರೂ ಅದು ಬೇರೆ ಆವರ್ತದಲ್ಲಿ ಅನುರಣಿಸುತ್ತದೆ. ಹತ್ತು ಲಕ್ಷದಲ್ಲಿ ಕೆಲವು ಭಾಗದಷ್ಟಿರುವ ಈ ವ್ಯತ್ಯಾಸವೇ ಕೆಮಿಕಲ್ ಶಿಫ್ಟ್, ಅದರ ಅಳತೆ ಪಿಪಿಎಂ. 1951ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಆರ್ನಲ್ಡ್, ಧರ್ಮಟ್ಟಿ, ಪ್ಯಾಕರ್ಡ್ ಮೂವರು ಎಥೈಲ್ ಆಲ್ಕೊಹಾಲಿನ ಹೈಡ್ರೋಜನ್‌ಗಳು ಮೂರು ಬೇರೆ ಬೇರೆ ಶಿಖರಗಳಾಗಿ, ಒಂದು, ಎರಡು, ಮೂರು ಎಂಬ ಪ್ರಮಾಣದಲ್ಲಿ ಕಾಣಿಸುವುದನ್ನು ಪ್ರಕಟಿಸಿದರು. ಆ ಎಸ್. ಎಸ್. ಧರ್ಮಟ್ಟಿಯವರು ಮುಂದೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎನ್‌ಎಂಆರ್ ಸಂಶೋಧನೆಯನ್ನು ಕಟ್ಟಿದರು. ಅದೇ 1951ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅವರು ಹರಿಯುವ ದ್ರವದಲ್ಲಿ ಎನ್‌ಎಂಆರ್ ಸಂಕೇತ ಹೇಗೆ ಬದಲಾಗುತ್ತದೆ ಎಂದು ಅಳೆದಿದ್ದರು. ಇಂದು ರಕ್ತನಾಳದೊಳಗಿನ ಹರಿವನ್ನು ಎಂಆರ್‌ಐನಲ್ಲಿ ನೋಡುವವರು ಆ ಪ್ರಬಂಧವನ್ನು ತಮ್ಮ ವಿದ್ಯೆಯ ಮೊದಲ ಹೆಜ್ಜೆಗಳಲ್ಲಿ ಒಂದೆಂದು ಎಣಿಸುತ್ತಾರೆ.

1956ರಲ್ಲಿ ಜಾನ್ ಪೋಪಲ್ ಉಂಗುರ ಪ್ರವಾಹವನ್ನು ಈ ರೋಹಿತದ ಜೊತೆ ಹೆಣೆದರು. ಎಥಿಲೀನಿನ ಹೈಡ್ರೋಜನ್ 5.3 ಪಿಪಿಎಂ ಬಳಿ ಕಾಣಿಸಿದರೆ ಬೆಂಜೀನಿನದು 7.3ರ ಬಳಿ. ಉಂಗುರದ ಪ್ರವಾಹ ಒಳಗಡೆ ಕ್ಷೇತ್ರವನ್ನು ತಗ್ಗಿಸುತ್ತದೆ, ಹೊರಗಿರುವ ಹೈಡ್ರೋಜನ್‌ಗಳ ಜಾಗದಲ್ಲಿ ಹೆಚ್ಚಿಸುತ್ತದೆ ಎಂಬುದು ವಿವರಣೆ. ಹಾಗಿದ್ದರೆ ಉಂಗುರದ ಒಳಗೆ ಹೈಡ್ರೋಜನ್ ಇದ್ದಿದ್ದರೆ? ಫ್ರಾಂಜ್ ಸಾಂಡ್‌ಹೈಮರ್ ಕಟ್ಟಿದ ಹದಿನೆಂಟು ಕಾರ್ಬನ್‌ಗಳ ದೊಡ್ಡ ಉಂಗುರ, ಅನ್ಯುಲೀನ್, ಇದಕ್ಕೆ ಉತ್ತರ ಕೊಟ್ಟಿತು. ಅದರ ಹನ್ನೆರಡು ಹೈಡ್ರೋಜನ್ ಹೊರಮುಖವಾಗಿವೆ, ಆರು ಒಳಮುಖವಾಗಿವೆ. ತಂಪಿನಲ್ಲಿ ತೆಗೆದ ರೋಹಿತದಲ್ಲಿ ಹೊರಗಿನವು 9 ಪಿಪಿಎಂನ ಆಚೆ, ಒಳಗಿನವು ಸೊನ್ನೆಗೂ ಕೆಳಗೆ, ಮೈನಸ್ 3ರ ಬಳಿ! ಬಿಸಿ ಮಾಡಿದರೆ ಒಳಗಿನವೂ ಹೊರಗಿನವೂ ವೇಗವಾಗಿ ಜಾಗ ಬದಲಿಸಿಕೊಂಡು 5.4ರ ಸುಮಾರಿನಲ್ಲಿ ಒಂದೇ ಶಿಖರವಾಗುತ್ತವೆ. ಹದಿನಾರು ಕಾರ್ಬನ್‌ಗಳ ಉಂಗುರದಲ್ಲಿ ಪ್ರವಾಹದ ದಿಕ್ಕೇ ತಿರುಗುತ್ತದೆ, ಒಳಗಿನವು 10ರ ಆಚೆಗೆ ಹೋಗುತ್ತವೆ, ಹೊರಗಿನವು 5ರ ಬಳಿಗೆ ಬರುತ್ತವೆ.

ಆದರೂ ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸಬೇಕು. ಪ್ರತಿಯೊಂದು ಎನ್‌ಎಂಆರ್ ಪ್ರಯೋಗಾಲಯದಲ್ಲೂ ದ್ರಾವಕವಾಗಿ ಬಳಸುವ ಕ್ಲೋರೋಫಾರ್ಮಿನ ಉಳಿಕೆ ಶಿಖರ 7.26ರಲ್ಲಿ, ಬೆಂಜೀನಿನ ಪಕ್ಕದಲ್ಲೇ ಇದೆ. ಕ್ಲೋರೋಫಾರ್ಮಿನಲ್ಲಿ ಉಂಗುರವೆಲ್ಲಿ? ಮೂರು ಕ್ಲೋರಿನ್‌ಗಳ ಸೆಳೆತ ಮಾತ್ರ. ಬೆಂಜೀನಿನ ಕೆಮಿಕಲ್ ಶಿಫ್ಟಿಗೆ ಉಂಗುರ ಪ್ರವಾಹ ನಿಜಕ್ಕೂ ಎಷ್ಟು ಹೊಣೆ ಎಂಬುದರ ಮೇಲೇ 2003–04ರಲ್ಲಿ ವಾದ ನಡೆಯಿತು. ಆ ವಾದ ತಿಳಿಯಾದದ್ದು ಪ್ರವಾಹದ ನಕ್ಷೆಯನ್ನು ಬಿಡಿಬಿಡಿಯಾಗಿ ನೋಡಿದಾಗ.

ನನಗೆ ಬಹಳ ಪ್ರಿಯವಾದ ಉದಾಹರಣೆ ಕೆಕುಲೀನ್. ಹನ್ನೆರಡು ಬೆಂಜೀನ್ ಉಂಗುರಗಳು ಬಳೆಯಂತೆ ಬೆಸೆದ, ನಡುವೆ ಖಾಲಿ ಇರುವ ಅಣು. 1978ರಲ್ಲಿ ಡೀಡರಿಕ್ ಮತ್ತು ಶ್ಟಾಬ್ ಅದನ್ನು ತಯಾರಿಸಿದರು. ಪ್ರಶ್ನೆ ಇದ್ದದ್ದು: ಎಲೆಕ್ಟ್ರಾನುಗಳು ಇಡೀ ಬಳೆಯನ್ನು ಒಳಗೊಂದು ಹೊರಗೊಂದು ಅನ್ಯುಲೀನಿನಂತೆ ಸುತ್ತುತ್ತವೆಯೋ, ತಂತಮ್ಮ ಬೆಂಜೀನುಗಳಲ್ಲೇ ಉಳಿಯುತ್ತವೆಯೋ? ಬಳೆಯೊಳಗೆ ಆರು ಹೈಡ್ರೋಜನ್ ಇಣುಕುತ್ತವೆ. ಅನ್ಯುಲೀನಿನಂತಿದ್ದರೆ ಅವು ಸೊನ್ನೆಯ ಕಡೆಗೆ ಜಾರಬೇಕಿತ್ತು. ಸುಲಭವಾಗಿ ಕರಗದ ಆ ಪದಾರ್ಥವನ್ನು 150 ಡಿಗ್ರಿಗೂ ಮೇಲೆ ಕಾಯಿಸಿ ರೋಹಿತ ತೆಗೆದಾಗ ಅವು ಕಂಡದ್ದು 10.45ರಲ್ಲಿ. ಸಾಕ್ಷಿ ಬೆಂಜೀನುಗಳ ಪರ ನಿಂತಿತು. ಮುಂದೆ ಬಂದ ಲೆಕ್ಕಗಳು ಬಳೆಯ ಹೊರ ಅಂಚಿನಲ್ಲಿ ಪ್ರದಕ್ಷಿಣ ಹರಿವನ್ನೂ ಒಳ ಅಂಚಿನಲ್ಲಿ ಅಪ್ರದಕ್ಷಿಣ ಹರಿವನ್ನೂ ತೋರಿಸಿದವು. ಅಕ್ಕಪಕ್ಕದ ಬೆಂಜೀನುಗಳ ಪುಟ್ಟ ಸುಳಿಗಳು ಒಂದಕ್ಕೊಂದು ಅಂಟಿ ನಿಂತಾಗ ಅಂಚುಗಳಲ್ಲಿ ಹೀಗೆ ಎರಡು ವಿರುದ್ಧ ಪಟ್ಟಿಗಳು ಕಾಣುವುದು ಸಹಜ. ನಕ್ಷೆಯೂ ಸಾಕ್ಷಿಯೂ ಇಲ್ಲಿ ಒಂದೇ ಮಾತು ಆಡಿದವು.

ಮುಗಿಸುವ ಮೊದಲು, ಸಾಕ್ಷಿ ಇನ್ನೂ ದೂರದಲ್ಲಿರುವ ಒಂದು ಪ್ರಕರಣ. ಕೆಲವು ಶ್ವೇತಕುಬ್ಜ ನಕ್ಷತ್ರಗಳಲ್ಲಿ ಕಾಂತಕ್ಷೇತ್ರ ಲಕ್ಷ ಟೆಸ್ಲಾದ ಆಸುಪಾಸಿಗೆ ಏರುತ್ತದೆ. ಭೂಮಿಯ ಯಾವ ಪ್ರಯೋಗಾಲಯದ ಎನ್‌ಎಂಆರ್ ಅಯಸ್ಕಾಂತವೂ ಅದರ ಹತ್ತಿರ ಸುಳಿಯುವುದಿಲ್ಲ. 2012ರಲ್ಲಿ ಓಸ್ಲೋದ ಹೆಲ್ಗಾಕರ್ ಮತ್ತು ಸಂಗಡಿಗರು ಅಂಥ ಕ್ಷೇತ್ರಗಳಲ್ಲಿ ಅಣುಗಳ ಲೆಕ್ಕ ಹಾಕಿದರು. ಅಲ್ಲೂ ಬೇಕಾದದ್ದು ಲಂಡನ್ ಅವರ ಅದೇ ಗುಣಕ. ಎರಡು ಎಲೆಕ್ಟ್ರಾನುಗಳ ಸ್ಪಿನ್ ಒಂದೇ ಕಡೆಗಿದ್ದರೆ ಇಲ್ಲಿ ದೂರ ಸರಿಯುವ ಎರಡು ಹೈಡ್ರೋಜನ್ ಪರಮಾಣುಗಳು ಅಲ್ಲಿ ಕ್ಷೇತ್ರಕ್ಕೆ ಅಡ್ಡವಾಗಿ ನಿಂತು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ ಎಂದು ಆ ಲೆಕ್ಕ ಹೇಳುತ್ತದೆ. ಅಂಥ ಬಂಧಕ್ಕೆ ರೋಹಿತದ ಸಾಕ್ಷಿ ಸಿಗಬೇಕಾದರೆ ಅದು ಆ ನಕ್ಷತ್ರಗಳಿಂದ ಹೊರಟ ಬೆಳಕಿನಲ್ಲೇ ಸಿಗಬೇಕು. ಯಾವ ತರಂಗಾಂತರದಲ್ಲಿ ಹುಡುಕಬೇಕು ಎಂದು ಹೇಳಬೇಕಾದವರು ಲೆಕ್ಕ ಹಾಕುವವರು.